ರೋಲ್ ಕೇಜ್ ಹಾಕಿಸುವ ಮೊದಲು ಅದು ಎಲ್ಲಿ ಕಾಲೂರುತ್ತದೆ ನೋಡಿ

ಪ್ರಶ್ನೆ: ನನ್ನ ಹತ್ತಿರ ಹಳೆಯ ಫೋರ್ ವೀಲ್ ಡ್ರೈವ್ ಗಾಡಿ ಇದೆ. ಲ್ಯಾಡರ್ ಚಾಸಿ, ಮೇಲೆ ಬಟ್ಟೆಯ ಹುಡ್. ದಿನಾ ರಸ್ತೆಯಲ್ಲೂ ಓಡಿಸುತ್ತೇನೆ, ತಿಂಗಳಿಗೆ ಒಂದೆರಡು ಸಲ ಗುಡ್ಡ, ಕಲ್ಲು, ಹಳ್ಳ ಅಂತ ಆಫ್‌ರೋಡ್ ಹೋಗುತ್ತೇನೆ. ಕಳೆದ ಸಲ ಅಡ್ಡ ಇಳಿಜಾರಿನಲ್ಲಿ ಒಂದು ಪಕ್ಕದ ಎರಡೂ ಚಕ್ರ ಮೇಲೆದ್ದು ಮತ್ತೆ ಕೂತವು. ಆವತ್ತಿನಿಂದ ರೋಲ್ ಕೇಜ್, ಅಂದರೆ ಪಲ್ಟಿಯಾದರೆ ಒಳಗಿದ್ದವರನ್ನು ಕಾಪಾಡುವ ಪೈಪಿನ ಚೌಕಟ್ಟು, ಹಾಕಿಸಬೇಕು ಅನ್ನುವ ಯೋಚನೆ. ಪರಿಚಯದ ವೆಲ್ಡರ್ ಒಬ್ಬರು ಒಂದೂವರೆ ಇಂಚಿನ ನೀರಿನ ಪೈಪಿನಲ್ಲಿ ಮಾಡಿ, ಫ್ಲೋರಿಗೆ ಬೋಲ್ಟ್ ಹಾಕಿ ಕೊಡುತ್ತೇನೆ ಎನ್ನುತ್ತಾರೆ. ಅಷ್ಟು ಸಾಕಾ? ಯಾವ ಪೈಪ್ ಹಾಕಬೇಕು? ಹಿಂದಿನ ಸೀಟಿನಲ್ಲಿ ಮಕ್ಕಳೂ ಕೂರುತ್ತಾರೆ.

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣು ಮೊದಲು ಹೋಗಿದ್ದು ಪೈಪಿನ ಕಡೆಗಲ್ಲ, 'ಫ್ಲೋರಿಗೆ ಬೋಲ್ಟ್ ಹಾಕಿ' ಅನ್ನುವ ಮಾತಿನ ಕಡೆಗೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಕೆಲವು ವರ್ಷದ ಹಿಂದೆ ಪಲ್ಟಿಯಾದ ಒಂದು ಗಾಡಿಯನ್ನು ನಮ್ಮ ಶೆಡ್ಡಿಗೆ ತಂದಿದ್ದರು. ವೇಗದಲ್ಲಿ ಬಿದ್ದಿದ್ದಲ್ಲ. ನಡೆಯುವಷ್ಟು ನಿಧಾನವಾಗಿ ಹೋಗುತ್ತಾ ಪಕ್ಕಕ್ಕೆ ವಾಲಿ, ಮಗುಚಿಕೊಂಡಿತ್ತು. ಒಳಗಿದ್ದ ಕೇಜ್ ನೋಡಿದರೆ ಹೊಸದರ ಹಾಗೇ ಇತ್ತು. ಪೈಪ್ ಎಲ್ಲೂ ಬಾಗಿರಲಿಲ್ಲ, ಒಂದು ಬೆಸುಗೆಯೂ ಬಿಟ್ಟಿರಲಿಲ್ಲ. ಆದರೆ ಕೆಳಗೆ ಬಗ್ಗಿ ನೋಡಿದಾಗ ಎಡಗಡೆಯ ಕಾಲು ಫ್ಲೋರಿನ ತಗಡನ್ನು ಹರಿದುಕೊಂಡು ಕೆಳಗೆ ಇಳಿದಿತ್ತು. ಕಾಗದಕ್ಕೆ ಪಂಚ್ ಹೊಡೆದ ಹಾಗೆ ದುಂಡನೆಯ ತೂತು. ಕಾಲಿನ ಅಡಿಗೆ ಅಂಗೈಗಿಂತ ಚಿಕ್ಕದೊಂದು ಪ್ಲೇಟ್, ಅದರ ಕೆಳಗೆ ಬರೀ ವಾಷರ್. ಕಾಲು ಇಳಿದಷ್ಟೂ ಮೇಲಿನ ಹೂಪ್, ಅಂದರೆ ಕಮಾನಿನ ಹಾಗೆ ಬಗ್ಗಿಸಿದ ಪೈಪ್, ತಲೆಯ ಕಡೆಗೆ ಇಳಿದಿತ್ತು. ಓಡಿಸುತ್ತಿದ್ದವರಿಗೆ ಭುಜದ ಮೂಳೆ ಮುರಿದಿತ್ತು. ಅದಕ್ಕಿಂತ ಜಾಸ್ತಿ ಆಗದೆ ಇದ್ದಿದ್ದು ಪುಣ್ಯ. ಆವತ್ತಿನಿಂದ ಯಾರ ಕೇಜ್ ನೋಡಿದರೂ ನಾನು ಮೊದಲು ಮಲಗಿ ಅದರ ಕಾಲು ನೋಡುತ್ತೇನೆ, ಆಮೇಲೆ ಮೇಲೆ ನೋಡುತ್ತೇನೆ.

ಯೋಚನೆ ಮಾಡಿ. ಗಾಡಿ ತಲೆಕೆಳಗಾದಾಗ ಅದರ ಇಡೀ ತೂಕ ಪೈಪಿನ ಮೂಲಕ ಕಾಲಿಗೆ ಬರುತ್ತದೆ. ಬಿದ್ದ ಹೊಡೆತದಲ್ಲಿ ಆ ಕ್ಷಣಕ್ಕೆ ತೂಕದ ಹಲವು ಪಟ್ಟು. ಫ್ಲೋರಿನ ತಗಡು ಸಾಮಾನ್ಯವಾಗಿ ಒಂದು ಮಿ.ಮೀ. ಆಸುಪಾಸು ದಪ್ಪ. ಹಳೆ ಗಾಡಿ ಅಂದರೆ ಮ್ಯಾಟಿನ ಕೆಳಗೆ ತುಕ್ಕು ಹಿಡಿದು ಇನ್ನೂ ತೆಳುವಾಗಿರುತ್ತದೆ. ಅದಕ್ಕೇ ರ‍್ಯಾಲಿ ಕಾರುಗಳಿಗೆ ಎಫ್‌ಐಎ (ಮೋಟಾರ್ ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆ) ಮಾಡಿರುವ ನಿಯಮದಲ್ಲಿ ಕಾಲಿನ ಬಗ್ಗೆ ಇಷ್ಟೊಂದು ಬರೆದಿದ್ದಾರೆ. ಮುಖ್ಯ ಹೂಪಿನ ಪ್ರತಿ ಕಾಲಿನ ಕೆಳಗೆ ಕನಿಷ್ಠ 3 ಮಿ.ಮೀ. ದಪ್ಪದ, 120 ಚದರ ಸೆಂ.ಮೀ. ಅಗಲದ ಪ್ಲೇಟನ್ನು ಬಾಡಿಗೆ ಬೆಸೆದಿರಬೇಕು. ಅಂದರೆ ಹತ್ತಕ್ಕೆ ಹನ್ನೆರಡು ಸೆಂ.ಮೀ. ಪ್ಲೇಟ್. ಹಿಂದಕ್ಕೆ ಇಳಿಯುವ ಆಸರೆ ಪೈಪಿನ ಕಾಲಿಗೆ 60 ಚದರ ಸೆಂ.ಮೀ. ಸಾಕು. ಬೋಲ್ಟ್ ಹಾಕುವುದಾದರೆ ಮುಖ್ಯ ಕಾಲಿಗೆ ಕನಿಷ್ಠ ಮೂರು, ಎಂ8 ಅಳತೆ, 8.8 ದರ್ಜೆ. ಬೋಲ್ಟಿನ ತಲೆಯ ಮೇಲೆ 8.8 ಅಂತ ಕೊರೆದಿರುತ್ತದೆ, ನೋಡಿಯೇ ತೆಗೆದುಕೊಳ್ಳಿ. ನೀವು ರ‍್ಯಾಲಿಗೆ ಹೋಗುವವರಲ್ಲ ನಿಜ, ಆದರೆ ಉಕ್ಕಿಗೆ ಅದು ಗೊತ್ತಾಗುವುದಿಲ್ಲ ಅಲ್ವಾ? ಈ ಅಳತೆಗಳಿಗಿಂತ ಕೆಳಗೆ ಇಳಿಯಬೇಡಿ. ಜಾಗ ಇದ್ದರೆ ಪ್ಲೇಟನ್ನು ಇನ್ನೂ ದೊಡ್ಡದು ಮಾಡಿಸಿ, ಫ್ಲೋರಿನಿಂದ ಪಕ್ಕದ ಗೋಡೆಗೆ ಎಲ್ ಆಕಾರದಲ್ಲಿ ಹತ್ತಿಸಿ ಬೆಸೆಸಿ. ತಗಡು ಮಡಚಿ ಎದ್ದಿರುವ ಜಾಗ ಮಟ್ಟಸವಾದ ಜಾಗಕ್ಕಿಂತ ಎಷ್ಟೋ ಗಟ್ಟಿ.

ನಿಮ್ಮದು ಲ್ಯಾಡರ್ ಚಾಸಿ. ಇಲ್ಲಿ ಇನ್ನೊಂದು ತೊಡಕಿದೆ. ಚಾಸಿ ಬೇರೆ, ಬಾಡಿ ಬೇರೆ, ನಡುವೆ ರಬ್ಬರ್ ಮೌಂಟ್. ಕಲ್ಲು ಹತ್ತುವಾಗ ಚಾಸಿ ತಿರುಚಿಕೊಳ್ಳುತ್ತದೆ, ಬಾಡಿ ರಬ್ಬರಿನ ಮೇಲೆ ತನ್ನ ಪಾಡಿಗೆ ಆಡುತ್ತದೆ. ಮುಂದಿನ ಎರಡು ಕಾಲು ಬಾಡಿಗೆ, ಹಿಂದಿನ ಎರಡು ನೇರ ಚಾಸಿಗೆ ಅಂತ ಬಿಗಿದರೆ ಈ ಆಟವನ್ನು ಕೇಜೇ ತಡೆಯಬೇಕಾಗುತ್ತದೆ. ಕೆಲವೇ ತಿಂಗಳಲ್ಲಿ ಎಲ್ಲೋ ಒಂದು ಕಡೆ ಬಿರುಕು ಬರುತ್ತದೆ. ಕೇಜಿನಲ್ಲಿ ಬರದಿದ್ದರೆ ಬಾಡಿಯಲ್ಲಿ ಬರುತ್ತದೆ. ದಾರಿ ಎರಡೇ. ಒಂದು, ಎಲ್ಲಾ ಕಾಲೂ ಬಾಡಿಯ ಮೇಲೆ, ದೊಡ್ಡ ಪ್ಲೇಟ್ ಹಾಕಿ, ಸಾಧ್ಯವಾದಷ್ಟು ಬಾಡಿ ಮೌಂಟಿನ ನೇರಕ್ಕೆ. ಆಗ ಭಾರ ತಗಡಿನಿಂದ ಸೀದಾ ಚಾಸಿಗೆ ಇಳಿಯುತ್ತದೆ. ಎರಡು, ಎಲ್ಲಾ ಕಾಲೂ ಫ್ಲೋರ್ ದಾಟಿ ಚಾಸಿಗೆ, ಆದರೆ ನಡುವೆ ರಬ್ಬರ್ ಅಥವಾ ಪಾಲಿ ಬುಷ್ ಇಟ್ಟು. ಲೀಫ್ ಸ್ಪ್ರಿಂಗಿನ ಕಣ್ಣಿಗೆ ಬುಷ್ ಹಾಕುತ್ತಾರಲ್ಲ, ಅದೇ ಥರ. ಚಾಸಿ ಪಕ್ಕಕ್ಕೆ ಬ್ರಾಕೆಟ್ ಬೆಸೆದು ಅದರಲ್ಲಿ ಬುಷ್ ಕೂರಿಸುತ್ತಾರೆ.

ನಿಮ್ಮ ಗಾಡಿ ಹಳೆಯದು, ಹುಡ್ ಬಟ್ಟೆಯದು. ಹಾಗಾಗಿ ನಾನಾದರೆ ಎರಡನೇ ದಾರಿ ಹಿಡಿಯುತ್ತೇನೆ. ಹಳೆಯ ಫ್ಲೋರನ್ನು ನಂಬುವುದಕ್ಕಿಂತ ಚಾಸಿಯನ್ನು ನಂಬುವುದು ವಾಸಿ. ಆದರೆ ಒಂದು ಷರತ್ತು. ಕೇಜ್ ಚಾಸಿಗೆ ಹೋದರೆ ಸೀಟು ಮತ್ತು ಬೆಲ್ಟ್ ಕೂಡ ಅದೇ ಕಡೆ ಸೇರಬೇಕು. ಸೀಟು ಫ್ಲೋರಿನ ಮೇಲೇ ಉಳಿದು, ಪಲ್ಟಿಯಲ್ಲಿ ಬಾಡಿ ಮೌಂಟ್ ಕಿತ್ತುಕೊಂಡು ಬಂದರೆ ನೀವು ಒಂದು ಕಡೆ, ಕೇಜ್ ಇನ್ನೊಂದು ಕಡೆ. ಸೀಟಿನ ಕೆಳಗೆ ಕೇಜಿನ ಕಾಲಿನಿಂದ ಕಾಲಿಗೆ ಅಡ್ಡ ಪೈಪ್ ಹಾಕಿ, ಸೀಟನ್ನು ಅದಕ್ಕೆ ಬಿಗಿಸಿ.

ಈಗ ಪೈಪ್. ಒಂದೂವರೆ ಇಂಚಿನ ನೀರಿನ ಪೈಪ್ ಅಂದರೆ ಹೊರ ಅಳತೆ ಒಂದೂವರೆ ಇಂಚಲ್ಲ, 48.3 ಮಿ.ಮೀ. ನೀರಿನ ಪೈಪಿಗೆ ಹೆಸರು ಒಳಗಿನ ತೂತಿನ ಲೆಕ್ಕದಲ್ಲಿ ಬಂದಿದ್ದು. ಗೋಡೆ 3.2 ಮಿ.ಮೀ. ಇರುವ ಪೈಪ್ ಹಿಡಿದರೆ ಮೀಟರಿಗೆ ಸುಮಾರು ಮೂರೂವರೆ ಕೆ.ಜಿ. ತೂಗುತ್ತದೆ. ಕೈಯಲ್ಲಿ ಹಿಡಿದರೆ ಭರ್ಜರಿ ಅನ್ನಿಸುತ್ತದೆ. ನಿಮ್ಮ ವೆಲ್ಡರ್ ಮೋಸ ಮಾಡುತ್ತಿಲ್ಲ, ಅವರ ಕೈ ಆ ಪೈಪಿಗೆ ಪಳಗಿದೆ, ಅಷ್ಟೆ. ಆದರೆ ಆ ಪೈಪ್ ಮಾಡಿರುವುದು ಒಳಗಿನ ನೀರಿನ ಒತ್ತಡ ತಡೆಯಲು. ಪಕ್ಕದಿಂದ ಜೋರಾಗಿ ಹೊಡೆತ ಬಿದ್ದರೆ ಉದ್ದಕ್ಕೂ ಇರುವ ಸೀಮ್, ಅಂದರೆ ತಗಡು ಸುತ್ತಿ ಬೆಸೆದ ಗೆರೆ, ಬಾಯಿ ಬಿಡಬಹುದು. ಮೇಲಿನ ಸತುವಿನ ಲೇಪ ಬೆಸುಗೆಯಲ್ಲಿ ಸುಟ್ಟು ಬಿಳಿ ಹೊಗೆ ಬರುತ್ತದೆ. ಆ ಹೊಗೆ ಕುಡಿದವರಿಗೆ ಸಂಜೆಗೆ ಚಳಿಜ್ವರ ಬರುತ್ತದೆ. ಲೇಪ ಪೂರ್ತಿ ಉಜ್ಜಿ ತೆಗೆಯದಿದ್ದರೆ ಬೆಸುಗೆಯೊಳಗೂ ಸಣ್ಣ ಸಣ್ಣ ರಂಧ್ರ ಉಳಿಯುತ್ತದೆ.

ನೀವು ಕೇಳಬೇಕಾದದ್ದು ಕೋಲ್ಡ್ ಡ್ರಾನ್ ಸೀಮ್‌ಲೆಸ್ ಟ್ಯೂಬ್, ಅಂದರೆ ತಣ್ಣಗಿದ್ದಾಗಲೇ ಎಳೆದು ಮಾಡಿದ, ಸೀಮ್ ಇಲ್ಲದ ಕೊಳವೆ. ಅದು ಸಿಗದಿದ್ದರೆ ಡಿಒಎಂ. ಇದು ಸೀಮ್ ಇದ್ದ ಪೈಪೇ, ಆದರೆ ಆಮೇಲೆ ಮ್ಯಾಂಡ್ರೆಲ್ ಮೇಲೆ, ಅಂದರೆ ಒಳಗೆ ಉಕ್ಕಿನ ಅಚ್ಚು ಇಟ್ಟು, ಎಳೆದು ಒಂದೇ ಸಮ ಮಾಡಿರುತ್ತಾರೆ. ಎಫ್‌ಐಎ ನಿಯಮದಲ್ಲಿ ಮುಖ್ಯ ಹೂಪಿಗೆ 45 ಮಿ.ಮೀ. ಹೊರ ಅಳತೆ, 2.5 ಮಿ.ಮೀ. ಗೋಡೆ, ಅಥವಾ 50ಕ್ಕೆ 2. ಉಳಿದ ಪೈಪುಗಳಿಗೆ 38ಕ್ಕೆ 2.5, ಅಥವಾ 40ಕ್ಕೆ 2. ಎಳೆತದ ಬಲ ಕನಿಷ್ಠ 350 ನ್ಯೂಟನ್, ಪ್ರತಿ ಚದರ ಮಿ.ಮೀ.ಗೆ. ಅಂಗಡಿಯವರ ಹತ್ತಿರ ಟೆಸ್ಟ್ ಸರ್ಟಿಫಿಕೇಟ್ ಕೇಳಿ, ಅದರಲ್ಲಿ ಈ ಅಂಕಿ ಇರುತ್ತದೆ.

ಅಳತೆ ಸುಮ್ನೆ ಅಂದಾಜಿಗೆ ಬರೆದಿದ್ದಲ್ಲ. 38ರ ಬದಲು 45 ಹಾಕಿದರೆ ಗೋಡೆ ಅಷ್ಟೇ ಇದ್ದರೂ ಬಾಗದೆ ನಿಲ್ಲುವ ಬಿಗಿ ಸುಮಾರು 70% ಏರುತ್ತದೆ. ತೂಕ ಏರುವುದು ಬರೀ 20%. ಮೀಟರಿಗೆ 2.2 ಕೆ.ಜಿ. ಇದ್ದದ್ದು 2.6 ಆಗುತ್ತದೆ. ಹಾಗಾಗಿ ತಲೆಯ ಹಿಂದಿನ ಹೂಪಿಗೆ ದಪ್ಪ ಪೈಪ್, ಉಳಿದದ್ದಕ್ಕೆ ಒಂದು ಅಳತೆ ಕಡಿಮೆ. ಎಲ್ಲಾ ಕಡೆ ದಪ್ಪ ಹಾಕಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಮೇಲಿನ ತೂಕ ಜಾಸ್ತಿಯಾದಷ್ಟೂ ಗಾಡಿ ಬೇಗ ಮಗುಚುತ್ತದೆ. ಒಂದು ಲೆಕ್ಕ ನೋಡಿ. ಗಾಡಿ 1600 ಕೆ.ಜಿ., ಎಡ ಬಲ ಚಕ್ರಗಳ ನಡುವೆ 1.5 ಮೀಟರ್, ತೂಕದ ಮಧ್ಯಬಿಂದು ನೆಲದಿಂದ 75 ಸೆಂ.ಮೀ. ಎತ್ತರ ಅಂತ ಇಟ್ಟುಕೊಳ್ಳೋಣ. ಬರೀ ಲೆಕ್ಕದಲ್ಲಿ ಇದು 45 ಡಿಗ್ರಿ ವಾಲಿದಾಗ ಉರುಳುತ್ತದೆ. 60 ಕೆ.ಜಿ. ಕೇಜನ್ನು ಸರಾಸರಿ 1.4 ಮೀಟರ್ ಎತ್ತರದಲ್ಲಿ ಸೇರಿಸಿದರೆ 44 ಡಿಗ್ರಿಗೆ ಉರುಳುತ್ತದೆ. ಒಂದು ಡಿಗ್ರಿ ಹೋಯಿತು. ಅದು ಕೊಡಬಹುದಾದ ಬೆಲೆ. ಆದರೆ ಕೇಜಿನ ಮೇಲೆ ಕ್ಯಾರಿಯರ್, ಅದರ ಮೇಲೆ ಸ್ಟೆಪ್ನಿ, ಎರಡು ಡೀಸೆಲ್ ಕ್ಯಾನ್ ಅಂತ ಏರಿಸುತ್ತಾ ಹೋದರೆ ಪಲ್ಟಿಯಿಂದ ಕಾಪಾಡಲು ಹಾಕಿದ್ದೇ ಪಲ್ಟಿ ಮಾಡಿಸುತ್ತದೆ. ಇನ್ನು ಸಸ್ಪೆನ್ಷನ್ ಒಂದು ಕಡೆ ಕುಸಿಯುವುದರಿಂದ ನಿಜವಾದ ಕೋನ ಈ ಲೆಕ್ಕಕ್ಕಿಂತ ಯಾವಾಗಲೂ ಕಡಿಮೆಯೇ.

ಕೇಜಿನ ಆಕಾರಕ್ಕೆ ಬರೋಣ. ನಾಲ್ಕು ಕಡ್ಡಿಯನ್ನು ಗುಂಡುಸೂಜಿ ಚುಚ್ಚಿ ಚೌಕ ಮಾಡಿ, ಒಂದು ಮೂಲೆ ಒತ್ತಿ ನೋಡಿ. ಥಟ್ಟನೆ ಓರೆಯಾಗಿ ಮಲಗುತ್ತದೆ. ಮೂಲೆಯಿಂದ ಮೂಲೆಗೆ ಐದನೇ ಕಡ್ಡಿ ಹಾಕಿ ಒತ್ತಿ. ಕಡ್ಡಿ ಮುರಿಯಬೇಕೇ ಹೊರತು ಆಕಾರ ಬದಲಾಗುವುದಿಲ್ಲ. ಮಾರಾಟಕ್ಕೆ ಸಿಗುವ ಎಷ್ಟೋ 'ಕೇಜ್'ಗಳಲ್ಲಿ ಈ ಐದನೇ ಕಡ್ಡಿಯೇ ಇರುವುದಿಲ್ಲ. ನೋಡಲು ಚೆಂದ, ಪಕ್ಕಕ್ಕೆ ಬಿದ್ದ ಕೂಡಲೇ ಓರೆಯಾಗುತ್ತವೆ. ನಿಮ್ಮ ಗಾಡಿಗೆ ಇಷ್ಟು ಬೇಕೇ ಬೇಕು: ಸೀಟಿನ ಹಿಂದೆ ಒಂದೇ ಪೈಪ್ ಬಗ್ಗಿಸಿ ಮಾಡಿದ ಮುಖ್ಯ ಹೂಪ್, ಅದರೊಳಗೆ ಮೂಲೆಯಿಂದ ಮೂಲೆಗೆ ಓರೆ ಪೈಪ್, ಹೂಪಿನ ಮೇಲ್ತುದಿಯಿಂದ ಹಿಂದಕ್ಕೆ ನೇರವಾಗಿ ಇಳಿಯುವ ಎರಡು ಆಸರೆ. ಆಸರೆ ಪೈಪ್ ಲಂಬದಿಂದ ಕನಿಷ್ಠ 30 ಡಿಗ್ರಿ ಹಿಂದಕ್ಕೆ ಓರೆಯಾಗಿರಬೇಕು, ನಡುವೆ ಬೆಂಡ್ ಇರಬಾರದು. ಮುಂದೆ ವಿಂಡ್‌ಶೀಲ್ಡಿನ ಪಕ್ಕದಲ್ಲಿ ಎರಡು ಕಾಲು, ಮೇಲೆ ಮುಂದಿನಿಂದ ಹಿಂದಕ್ಕೆ ಎರಡು ಪೈಪ್, ಮುಂದುಗಡೆ ಒಂದು ಅಡ್ಡ ಪೈಪ್, ಚಾವಣಿಯಲ್ಲೂ ಒಂದು ಓರೆ. ಬಟ್ಟೆ ಹುಡ್ಡಿನ ಗಾಡಿಗೆ ಬರೀ ಹಿಂದಿನ ಹೂಪ್ ಸಾಲದು. ಮುಂದುಗಡೆ ನೆಲ ತಾಗಿದರೆ ವಿಂಡ್‌ಶೀಲ್ಡ್ ಚೌಕಟ್ಟು ಮಡಚಿಕೊಂಡು ಸ್ಟಿಯರಿಂಗ್ ಮೇಲೆ ಬರುತ್ತದೆ.

ಬಗ್ಗಿಸುವ ಕೆಲಸ ನೋಡಿಕೊಂಡೇ ನಿಲ್ಲಿ. ಬೆಂಡಿನ ತ್ರಿಜ್ಯ ಪೈಪಿನ ಅಳತೆಯ ಮೂರು ಪಟ್ಟಾದರೂ ಇರಬೇಕು. 45ರ ಪೈಪಿಗೆ 135 ಮಿ.ಮೀ. ಮರಳು ತುಂಬಿ, ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸಲು ಬಿಡಬೇಡಿ, ಎಳೆದು ಮಾಡಿದ ಪೈಪಿನ ಬಲ ಆ ಬಿಸಿಗೆ ಹೋಗಿಬಿಡುತ್ತದೆ. ಬೆಂಡಿನ ಒಳಗಡೆ ಸುಕ್ಕು ಬಿದ್ದರೆ ಆ ಪೈಪ್ ಗುಜರಿಗೆ. ವರ್ನಿಯರ್ ಹಿಡಿದು ಬೆಂಡಿನ ಜಾಗದಲ್ಲಿ ಎರಡು ಕಡೆಯಿಂದ ಅಳೆಯಿರಿ. ಚಿಕ್ಕ ಅಳತೆ ದೊಡ್ಡದರ ಶೇ. 90ಕ್ಕಿಂತ ಕಡಿಮೆ ಬಂದರೆ ಪೈಪ್ ಚಪ್ಪಟೆಯಾಗಿದೆ ಅಂತ ಅರ್ಥ.

ಎರಡು ಪೈಪ್ ಸೇರುವ ಕಡೆ ತುದಿಯನ್ನು ಮೀನಿನ ಬಾಯಿಯ ಹಾಗೆ ಕೊರೆಯಬೇಕು. ಒಂದಕ್ಕೊಂದು ತಾಗಿಸಿ ಹಿಡಿದಾಗ ನಡುವೆ ಬೆಳಕು ಕಾಣಬಾರದು. ಸಂದು ಬಿಟ್ಟು ಅದನ್ನು ಬೆಸುಗೆಯಿಂದಲೇ ತುಂಬಿಸುವುದು ಮುಖ್ಯ ಹೂಪಿನ ಹತ್ತಿರ ಒಪ್ಪುವ ಕೆಲಸವಲ್ಲ. ಬೆಸುಗೆ ಪೈಪಿನ ಸುತ್ತ ಪೂರ್ತಿ ಬರಬೇಕು.

ಇಲ್ಲಿ ಅನೇಕರು ಎಡವುತ್ತಾರೆ. ಗಟ್ಟಿ ಚಾವಣಿಯ ಗಾಡಿಯಲ್ಲಿ ಕೇಜ್ ಚಾವಣಿಗೆ ತಾಗಿಕೊಂಡಿರುತ್ತದೆ, ಪೈಪಿನ ಮೇಲ್ಭಾಗಕ್ಕೆ ಬೆಸುಗೆಯ ಟಾರ್ಚ್ ಹೋಗುವುದೇ ಇಲ್ಲ. ಕೆಳಗಿನಿಂದ ಮುಕ್ಕಾಲು ಸುತ್ತು ಬೆಸೆದು, ಪೇಂಟ್ ಬಳಿದು ಕೊಟ್ಟುಬಿಡುತ್ತಾರೆ. ಪಳಗಿದವರು ಮಾಡುವುದೇ ಬೇರೆ. ಕಾಲಿನ ಪ್ಲೇಟ್ ಹಾಕುವ ಮೊದಲು ಇಡೀ ಕೇಜನ್ನು ಟ್ಯಾಕ್ ಮಾಡಿ (ಅಲ್ಲಲ್ಲಿ ಚುಕ್ಕಿ ಬೆಸುಗೆ ಹಾಕಿ ನಿಲ್ಲಿಸಿ), ಕಾಲು ಬರುವ ಕಡೆ ಫ್ಲೋರಿನಲ್ಲಿ ತೂತು ಕೊರೆದು ಕೇಜನ್ನು ಒಂದು ಗೇಣು ಕೆಳಗೆ ಇಳಿಸುತ್ತಾರೆ. ಆಗ ಮೇಲೆ ಜಾಗ ಸಿಗುತ್ತದೆ. ಪೂರ್ತಿ ಸುತ್ತು ಬೆಸೆದು, ಮತ್ತೆ ಎತ್ತಿ, ಕೆಳಗೆ ಪ್ಲೇಟ್ ಅಥವಾ ಪೆಟ್ಟಿಗೆ ಇಟ್ಟು ಮುಚ್ಚುತ್ತಾರೆ. ನಿಮ್ಮದು ಬಟ್ಟೆ ಹುಡ್, ಬಿಚ್ಚಿದರೆ ಆಯಿತು. ಈ ಒಂದು ವಿಷಯದಲ್ಲಿ ನೀವು ಅದೃಷ್ಟವಂತರು. ಕೆಲಸ ಮುಗಿದ ಮೇಲೆ ಪೇಂಟ್ ಹೊಡೆಯುವ ಮೊದಲೇ ಹೋಗಿ, ಪ್ರತಿ ಜಾಯಿಂಟಿನ ಹಿಂಬದಿಗೆ ಬೆರಳು ಹಾಕಿ ಸವರಿ. ಕಣ್ಣಿಗೆ ಕಾಣದ ಕಡೆ ಬೆರಳಿಗೆ ಗೊತ್ತಾಗುತ್ತದೆ. ಬೆಸುಗೆ ಉಬ್ಬಿದೆ ಅಂತ ಗ್ರೈಂಡರಿನಲ್ಲಿ ನುಣ್ಣಗೆ ಮಾಡಲು ಬಿಡಬೇಡಿ, ಬಲ ಇರುವುದೇ ಆ ಉಬ್ಬಿನಲ್ಲಿ. ಕ್ರೋಮ್ ಲೇಪವೂ ಬೇಡ. ಸಾದಾ ಪೇಂಟ್ ಸಾಕು, ಬಿರುಕು ಬಂದರೆ ಮೊದಲು ಪೇಂಟೇ ಸೀಳಿ ತೋರಿಸುತ್ತದೆ.

ಗಾಡಿಯ ಮೇಲೆ ಬೆಸೆಯುವಾಗ ಬ್ಯಾಟರಿಯ ಎರಡೂ ತಂತಿ ಬಿಚ್ಚಿರಿ. ಇಸಿಯು (ಎಂಜಿನ್ನಿನ ಕಂಪ್ಯೂಟರ್), ಆಲ್ಟರ್ನೇಟರ್ ಕನೆಕ್ಷನ್ ತೆಗೆಯಿರಿ. ಮ್ಯಾಟು, ಸೀಟು ಹೊರಗೆ. ಡೀಸೆಲ್ ಮತ್ತು ಬ್ರೇಕ್ ಪೈಪ್ ಫ್ಲೋರಿನ ಕೆಳಗೆ ಎಲ್ಲಿ ಹೋಗುತ್ತದೆ ಅಂತ ಮೊದಲೇ ಚಾಕ್‌ನಲ್ಲಿ ಗುರುತು ಮಾಡಿ.

ಇನ್ನು ನನಗೆ ಎಲ್ಲಕ್ಕಿಂತ ಚಿಂತೆ ಹುಟ್ಟಿಸುವ ವಿಷಯ. ನೀವು ದಿನಾ ರಸ್ತೆಯಲ್ಲಿ ಓಡಿಸುತ್ತೀರಿ. ಹೆಲ್ಮೆಟ್ ಹಾಕಿರುವುದಿಲ್ಲ. ನಿಮ್ಮ ತಲೆಯಿಂದ ಒಂದು ಗೇಣು ದೂರದಲ್ಲಿ ಗಟ್ಟಿ ಉಕ್ಕು ಇರುತ್ತದೆ. ಬೆಲ್ಟ್ ಹಾಕಿದ್ದರೂ ಡಿಕ್ಕಿಯಲ್ಲಿ ತಲೆ ಎಷ್ಟು ದೂರ ಚಾಚುತ್ತದೆ ಅಂತ ನಂಬಲು ಕಷ್ಟ. ಪಲ್ಟಿಯಲ್ಲಿ ಬದುಕಿಸುವ ಪೈಪು ಚಿಕ್ಕ ಡಿಕ್ಕಿಯಲ್ಲಿ ತಲೆ ಒಡೆಯಬಹುದು. ಆದ್ದರಿಂದ ಪೈಪ್ ಬಾಗಿಸುವ ಮೊದಲು ಸೀಟಿನಲ್ಲಿ ಕೂತು, ಬೆಲ್ಟ್ ಬಿಗಿದು, ಯಾರಿಂದಲಾದರೂ ನಿಮ್ಮ ತಲೆಯ ಸುತ್ತ ಅಳತೆ ಹಿಡಿಸಿ. ಮನೆಯಲ್ಲಿ ಗಾಡಿ ಓಡಿಸುವವರಲ್ಲಿ ಎಲ್ಲರಿಗಿಂತ ಎತ್ತರದವರನ್ನೂ ಕೂರಿಸಿ ಅಳೆಯಿರಿ. ಹೆಲ್ಮೆಟ್ ಹಾಕಿದಾಗ ಮೇಲೆ ಕನಿಷ್ಠ 7–8 ಸೆಂ.ಮೀ. ಖಾಲಿ ಜಾಗ ನಾನು ಬಿಡಿಸುತ್ತೇನೆ. ಅಷ್ಟು ಸಿಗದಿದ್ದರೆ ಸೀಟು ತಗ್ಗಿಸುತ್ತೇವೆ, ಇಲ್ಲಾ ಹೂಪ್ ಎತ್ತರಿಸುತ್ತೇವೆ.

ತಲೆ ತಾಗಬಹುದಾದ ಪ್ರತಿ ಪೈಪಿಗೂ ಪ್ಯಾಡಿಂಗ್ ಬೇಕು. ನೀರಿನ ಪೈಪಿಗೆ ಸುತ್ತುವ ಮೆತ್ತನೆಯ ಫೋಮ್ ಲೆಕ್ಕಕ್ಕಿಲ್ಲ. ಹೆಬ್ಬೆರಳಿನಲ್ಲಿ ಒತ್ತಿ ನೋಡಿ, ಸುಲಭವಾಗಿ ಪೈಪಿನವರೆಗೆ ಇಳಿದರೆ ಅದು ತಲೆಗೆ ಏನೂ ಮಾಡುವುದಿಲ್ಲ. ಎಫ್‌ಐಎ 8857-2001 ಅಥವಾ ಎಸ್‌ಎಫ್‌ಐ 45.1 ಅಂತ ಮುದ್ರಿಸಿರುವ ಗಟ್ಟಿ ಪ್ಯಾಡಿಂಗ್ ತೆಗೆದುಕೊಳ್ಳಿ. ಅದು ಬೆರಳಿಗೆ ಹೆಚ್ಚುಕಡಿಮೆ ಕಲ್ಲಿನ ಹಾಗಿರುತ್ತದೆ, ಜೋರು ಹೊಡೆತಕ್ಕೆ ಮಾತ್ರ ಕುಸಿಯುತ್ತದೆ. ಅಷ್ಟಾದರೂ ಅದು ಹೆಲ್ಮೆಟ್ ಹಾಕಿದ ತಲೆಯನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಹಾಗಾಗಿ ಹೆಲ್ಮೆಟ್ ಇಲ್ಲದೆ ಓಡಿಸುವ ಗಾಡಿಯಲ್ಲಿ ಪ್ಯಾಡಿಂಗನ್ನೇ ನಂಬದೆ ದೂರವನ್ನು ನಂಬಿ. ಪೈಪ್ ಎಷ್ಟು ಹೊರಕ್ಕೆ, ಬಾಡಿಯ ಗೋಡೆಗೆ ಎಷ್ಟು ಹತ್ತಿರ ಹೋಗುತ್ತದೋ ಅಷ್ಟು ಒಳ್ಳೆಯದು. ಗಟ್ಟಿ ಚಾವಣಿಯ ಹೊಸ ಗಾಡಿ ಇಟ್ಟುಕೊಂಡವರು ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು: ಪಕ್ಕದ ಕರ್ಟನ್ ಏರ್‌ಬ್ಯಾಗ್ ಬಾಗಿಲಿನ ಮೇಲಿನ ಅಂಚಿನಿಂದ ಇಳಿಯುತ್ತದೆ. ಅದರ ದಾರಿಯಲ್ಲಿ ಪೈಪ್ ಬಂದರೆ ಏರ್‌ಬ್ಯಾಗ್ ಸರಿಯಾಗಿ ಬಿಚ್ಚುವುದಿಲ್ಲ. ಬರೀ ರಸ್ತೆಗೆ ಬಳಸುವ ಅಂಥ ಗಾಡಿಗೆ ನಾನು ಕೇಜ್ ಹಾಕಿಕೊಡುವುದಿಲ್ಲ.

ಬೆಲ್ಟ್ ಬಗ್ಗೆ. ಕೇಜ್ ಇದ್ದು ಬೆಲ್ಟ್ ಹಾಕದಿದ್ದರೆ ಕೇಜ್ ಇಲ್ಲದಿರುವುದಕ್ಕಿಂತ ಕಡೆ. ರಸ್ತೆಗೆ ಗಾಡಿಯ ಮೂರು ಬಿಂದುವಿನ ಬೆಲ್ಟನ್ನೇ ಉಳಿಸಿಕೊಳ್ಳಿ. ಆಫ್‌ರೋಡಿಗೆ ಹಾರ್ನೆಸ್ (ಎರಡೂ ಭುಜದ ಮೇಲೆ ಬರುವ ರೇಸ್ ಬೆಲ್ಟ್) ಹಾಕಿಸುವುದಾದರೆ ಭುಜದ ಪಟ್ಟಿ ಸೀಟಿನ ಹಿಂದಿನ ಅಡ್ಡ ಪೈಪಿಗೆ ಹೋಗಲಿ. ಸೀಟಿನ ಮೇಲಂಚಿನಿಂದ ಹಿಂದಕ್ಕೆ ಸುಮಾರು 10 ಡಿಗ್ರಿ ಇಳಿಯಬೇಕು, 45 ಡಿಗ್ರಿ ದಾಟಲೇಬಾರದು. ಪಟ್ಟಿ ಫ್ಲೋರಿನ ಕಡೆಗೆ ಕಡಿದಾಗಿ ಇಳಿದರೆ ಹೊಡೆತ ಬಿದ್ದಾಗ ಬೆನ್ನುಮೂಳೆಯನ್ನೇ ಕೆಳಗೆ ಒತ್ತುತ್ತದೆ. ಬೆಲ್ಟಿಗಾಗಿ ಪೈಪಿಗೆ ಸುಮ್ನೆ ಡ್ರಿಲ್ ಹಾಕಬೇಡಿ. ಒಳಗೆ ಬುಷ್ ತೂರಿಸಿ ಬೆಸೆದು, ಅದರ ಮೂಲಕ ಬೋಲ್ಟ್ ಹಾಕಬೇಕು.

ಮಕ್ಕಳ ವಿಷಯ ಕೊನೆಗೆ ಇಟ್ಟುಕೊಂಡೆ, ಅದು ಸಣ್ಣದು ಅಂತ ಅಲ್ಲ. ಮುಖ್ಯ ಹೂಪ್ ಕಾಪಾಡುವುದು ಮುಂದಿನ ಇಬ್ಬರನ್ನು ಮಾತ್ರ. ಹಿಂದೆ ಕೂತವರ ತಲೆಯ ಮೇಲೆ ಆಸರೆ ಪೈಪ್ ಓರೆಯಾಗಿ ಇಳಿದು ಹೋಗಿರುತ್ತದೆ, ಅಂದರೆ ಅವರಿಗೆ ರಕ್ಷಣೆಯೂ ಇಲ್ಲ, ತಲೆಗೆ ತಾಗುವ ಪೈಪು ಬೇರೆ. ಮಕ್ಕಳನ್ನು ಕೂರಿಸಲೇಬೇಕು ಅಂದರೆ ಹಿಂದಿನ ಸೀಟಿನ ಹಿಂದೆ ಇನ್ನೊಂದು ಹೂಪ್, ಮುಂದಿನ ಹೂಪಿನಿಂದ ಅದಕ್ಕೆ ಮೇಲೆ ಎರಡು ಪೈಪ್, ಅದರ ಹಿಂದೆ ಆಸರೆ, ಮುಂದೆ ನೋಡುವ ಸೀಟು, ಸರಿಯಾದ ಬೆಲ್ಟ್, ಇಷ್ಟೂ ಆಗಬೇಕು. ಎದುರುಬದುರು ಬೆಂಚ್ ಸೀಟಾದರೆ ಆಫ್‌ರೋಡಿಗೆ ಅಲ್ಲಿ ಯಾರನ್ನೂ ಕೂರಿಸಬೇಡಿ. ಇಷ್ಟು ಮಾಡಿಸುವವರೆಗೆ ಗುಡ್ಡ ಹತ್ತುವ ದಿನ ಮಕ್ಕಳು ಕೆಳಗೆ ಇಳಿದು ನೋಡಲಿ.

ಗಾಡಿ ಹತ್ತುವ ಎಲ್ಲರಿಗೂ ಒಂದು ಅಭ್ಯಾಸ ಮಾಡಿಸಿ. ವಾಲುವಾಗ ಕೈ ತಾನಾಗಿ ಪಕ್ಕದ ಪೈಪ್ ಹಿಡಿಯಲು ಹೋಗುತ್ತದೆ. ಹಿಡಿದ ಬೆರಳು ಪೈಪ್ ಮತ್ತು ನೆಲದ ನಡುವೆ ಸಿಕ್ಕಿಕೊಳ್ಳುತ್ತದೆ. ಕೈ ಎದೆಗೆ ಕಟ್ಟಿಕೊಳ್ಳಬೇಕು, ಓಡಿಸುವವರು ಸ್ಟಿಯರಿಂಗ್ ಬಿಡಬಾರದು. ಪಕ್ಕ ತೆರೆದಿರುವ ಗಾಡಿಗೆ ಬಲೆ ಹಾಕಿಸಿದರೆ ಇನ್ನೂ ಒಳ್ಳೆಯದು. ಜಾಕ್, ಟೂಲ್ ಪೆಟ್ಟಿಗೆ, ಸಂಕೋಲೆ ಎಲ್ಲವನ್ನೂ ಕಟ್ಟಿ ಹಾಕಿ. ಪಲ್ಟಿಯಲ್ಲಿ ಅವೂ ಒಳಗೆ ಹಾರಾಡುತ್ತವೆ.

ಗಾಡಿಗೆ ಹೀಗೆ ಬದಲಾವಣೆ ಮಾಡಿದ ಮೇಲೆ ನೋಂದಣಿ ಮತ್ತು ಇನ್ಶೂರೆನ್ಸಿನಲ್ಲಿ ಅದನ್ನು ಸೇರಿಸಬೇಕಾಗಬಹುದು. ಪೈಪ್ ಕೊಳ್ಳುವ ಮೊದಲೇ ಲಿಖಿತವಾಗಿ ಕೇಳಿ ಇಟ್ಟುಕೊಳ್ಳಿ.

ಹಾಕಿಸಿದ ಮೇಲೆ ಮೊದಲ ಆಫ್‌ರೋಡ್ ಮುಗಿಸಿ ಬಂದ ದಿನವೇ ಎಲ್ಲಾ ಬೋಲ್ಟಿಗೆ ಸ್ಪ್ಯಾನರ್ ಹಾಕಿ ನೋಡಿ. ಬಿಗಿದ ಪ್ರತಿ ನಟ್ಟಿನಿಂದ ಪ್ಲೇಟಿನವರೆಗೆ ಪೇಂಟಿನಲ್ಲಿ ಒಂದು ಗೆರೆ ಎಳೆದಿಡಿ. ನಟ್ ಸಡಿಲವಾದರೆ ಗೆರೆ ತಪ್ಪಿರುವುದು ಮುಂದಿನ ಸಲ ಬಗ್ಗಿ ನೋಡಿದ ಕೂಡಲೇ ಕಾಣುತ್ತದೆ. ವರ್ಷಕ್ಕೊಮ್ಮೆ ಕಾಲಿನ ಸುತ್ತ ಮ್ಯಾಟ್ ಎತ್ತಿ ತುಕ್ಕು ನೋಡಿ. ಬುಷ್ ಹರಿದಿದ್ದರೆ ಬದಲಾಯಿಸಿ. ಅಕಸ್ಮಾತ್ ಗಾಡಿ ಮಗುಚಿ ಒಂದು ಪೈಪ್ ಬಾಗಿದರೆ ಅದನ್ನು ಕಾಯಿಸಿ ನೆಟ್ಟಗೆ ಮಾಡಿಸಬೇಡಿ. ಕತ್ತರಿಸಿ ತೆಗೆದು ಹೊಸದು ಹಾಕಿಸಿ, ಅದು ಸೇರಿದ್ದ ಜಾಯಿಂಟುಗಳ ಪೇಂಟ್ ಕೆರೆದು ಬಿರುಕು ಇದೆಯಾ ಅಂತ ಹುಡುಕಿ.